ಅರಮನೆಯಲ್ಲಿ ‘ಒಡೆಯಾ’, ಹಳ್ಳಿಯಲ್ಲಿ ‘ಬುದ್ಧೀ’: ಯಾರು ಯಾರನ್ನು ಹೀಗೆ ಕರೆಯುತ್ತಿದ್ದರು?

ನಾಟಕದ ಹುಚ್ಚು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯವರು ಸೇರಿ ಈ ಸಲ ದಸರಾಗೆ ಒಂದು ನಾಟಕ ಆಡುತ್ತಿದ್ದೇವೆ. ಕಾಲ 1930ರ ಆಸುಪಾಸು. ಮೊದಲ ದೃಶ್ಯ ಮೈಸೂರು ಅರಮನೆಯ ಒಳಗೆ, ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ. ಎರಡನೆಯದು ಮಂಡ್ಯದ ಹತ್ತಿರ ಒಬ್ಬ ಜೋಡಿದಾರನ (ಹಳ್ಳಿಯ ಕಂದಾಯ ಅನುಭವಿಸುವ ಯಜಮಾನ) ತೊಟ್ಟಿಮನೆ. ನಾಲೆಯಲ್ಲಿ ಕನ್ನಂಬಾಡಿ ನೀರು ಬರುತ್ತದೆ ಅನ್ನುವ ಸುದ್ದಿ ಹಬ್ಬಿದೆ, ಯಾರ ಗದ್ದೆಗೆ ಮೊದಲು ಅಂತ ಜಗಳ.

ಬರೆದವರು ಎಲ್ಲ ಕಡೆ ‘ಪ್ರಭು’ ಅಂತ ಹಾಕಿದ್ದಾರೆ. ಅರಮನೆಯ ಊಳಿಗದವನೂ ಪ್ರಭು ಅಂತಾನೆ, ಗದ್ದೆಯ ಆಳೂ ಪ್ರಭು ಅಂತಾನೆ. ಓದುವಾಗಲೇ ನಗು ಬರುತ್ತದೆ. ನಾನು ‘ಒಡೆಯಾ’ ಅಂತ ಬದಲಾಯಿಸೋಣ ಎಂದೆ. ನಿರ್ದೇಶಕರು ಒಪ್ಪುತ್ತಿಲ್ಲ. ‘ಅದು ಅವರ ಮನೆತನದ ಹೆಸರಲ್ವಾ, ಹೆಸರು ಹಿಡಿದು ಕರೆದಂಗಾಗುತ್ತೆ’ ಅನ್ನುತ್ತಾರೆ. ಆ ಕಾಲದಲ್ಲಿ ಜನರ ಬಾಯಲ್ಲಿ ನಿಜವಾಗಿ ಏನು ಬರುತ್ತಿತ್ತು? ತಿಳಿದವರು ಹೇಳಿ.

ಮದ್ದೂರು ಪ್ಯಾಸೆಂಜರ್

ಎರಡನೇ ದೃಶ್ಯಕ್ಕೆ ಅನುಮಾನವೇ ಬೇಡ ಗುರು. ‘ಬುದ್ಧೀ’. ಬರೆಯುವಾಗ ಮಹಾಪ್ರಾಣ ಹಾಕಿಕೊಳ್ಳಿ, ಹೇಳುವಾಗ ‘ಬುದ್ದೀ’. ಕೊನೆಯನ್ನು ಸ್ವಲ್ಪ ಎಳೆಯಬೇಕು. ಆಳು ಒಳಗೆ ಬಂದ ತಕ್ಷಣ ‘ಅಡ್ಬಿದ್ದೆ ಬುದ್ದೀ’ ಅನ್ನಬೇಕು. ಆಮೇಲೆ ಮಿಕ್ಕ ಮಾತು. ಪ್ರಭು ಅಂದರೆ ನಮ್ಮ ಕಡೆಯವರು ಅಲ್ಲೇ ಎದ್ದು ಹೋಗುತ್ತಾರೆ.

ಹಳೇ ಕಡತ

ನಿರ್ದೇಶಕರ ಮಾತಲ್ಲಿ ಅರ್ಧ ನಿಜ ಇದೆ. ಆದರೆ ‘ಒಡೆಯರ್’ ಶುರುವಾಗಿದ್ದು ಹೆಸರಾಗಿ ಅಲ್ಲ.

ಒಡೆಯ ಅಂದರೆ ಒಂದು ವಸ್ತುವನ್ನೋ ನೆಲವನ್ನೋ ತನ್ನದಾಗಿ ಇಟ್ಟುಕೊಂಡವನು. ಒಡೆತನ, ಒಡತಿ, ಮೈಮೇಲೆ ಹಾಕಿಕೊಳ್ಳುವ ಒಡವೆ, ಎಲ್ಲ ಒಂದೇ ಬೇರಿನವು. ತಮಿಳಿನ ‘ಉಡೈಯಾರ್’ ಕೂಡ ಇದರ ದಾಯಾದಿಯೇ. ಗೌರವಕ್ಕೆ ಬಹುವಚನ ಸೇರಿಸಿ ಒಡೆಯರ್ ಎಂದರು. ವಿಜಯನಗರದ ಕಾಲದಲ್ಲಿ ಒಂದೊಂದು ಸೀಮೆ ಆಳುತ್ತಿದ್ದ ಎಷ್ಟೋ ಪಾಳೆಯಗಾರರಿಗೆ, ನಾಯಕರಿಗೆ ಈ ಪದ ಇತ್ತು. ಉಮ್ಮತ್ತೂರಿನವರು ಒಡೆಯರು. ಕಳಲೆಯವರು ಒಡೆಯರು. ಕೊಡಗಿನ ಹಾಲೇರಿ ರಾಜರು ಒಡೆಯರು. ದೂರದ ಕಾರ್ಕಳದಲ್ಲಿ ಭೈರರಸ ಒಡೆಯರು ಇದ್ದರು. 1432ರಲ್ಲಿ ಅಲ್ಲಿಯ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಅದೇ ಮನೆಯವನು. ಅವರ ಹೆಸರಲ್ಲಿ ಅರಸನೂ ಇದ್ದಾನೆ, ಒಡೆಯನೂ ಇದ್ದಾನೆ, ನೋಡಿ.

ಮೈಸೂರಿನ ಮನೆತನ 1399ರಲ್ಲಿ ಯದುರಾಯರಿಂದ ಶುರುವಾಯಿತು ಅನ್ನುವುದು ಪರಂಪರೆಯ ಮಾತು. ಆಗ ಇದು ಕೆಲವೇ ಹಳ್ಳಿಗಳ ಪಾಳೆಯಪಟ್ಟು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ದಸರಾ ಅಲ್ಲಿ ಶುರುವಾಗಿದ್ದೂ ಆವಾಗಲೇ. ರಾಜ್ಯ ಬೆಳೆಯಿತು, ಪದ ಮಾತ್ರ ಹಳೇದೇ ಉಳಿಯಿತು. ಬೇರೆ ಒಡೆಯರೆಲ್ಲ ಒಬ್ಬೊಬ್ಬರಾಗಿ ಮರೆಯಾದರು. ಹಾಗಾಗಿ ಈಗ ಒಡೆಯರ್ ಅಂದರೆ ಮೈಸೂರು ಅನ್ನುವಷ್ಟಕ್ಕೆ ಬಂದಿದೆ.

1930ರ ಹೊತ್ತಿಗೆ ಅದು ಹೆಸರಿನ ಬಾಲ. ಕಾಗದದಲ್ಲಿ ‘ಒಡೆಯರ್ ಬಹದ್ದೂರ್’ ಎಂದು ಬರೆಯುತ್ತಿದ್ದರು. ಎದುರಿಗೆ ನಿಂತು ‘ಒಡೆಯರೇ’ ಅನ್ನುವುದು ನಾಟಕದಲ್ಲಿ ಮಾತ್ರ ನಡೆಯುತ್ತದೆ. ನಿಮ್ಮ ನಿರ್ದೇಶಕರಿಗೆ ಹೇಳಿ, ಕಾರಣ ಬೇರೆ, ತೀರ್ಪು ಸರಿ.

ನಂಜನಗೂಡು ರಸಬಾಳೆ

ಕಳಲೆ ನಮ್ಮೂರಿಗೆ ಹತ್ತಿರ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. 1700ರ ದಶಕಗಳಲ್ಲಿ ದಳವಾಯಿ ಪದವಿ ಕಳಲೆಯವರ ಕೈಯಲ್ಲಿತ್ತು. ದೇವರಾಜಯ್ಯ, ನಂಜರಾಜಯ್ಯ ಅಣ್ಣತಮ್ಮಂದಿರ ಕಾಲದಲ್ಲಂತೂ ಸಿಂಹಾಸನದ ಮೇಲೆ ಕೂತವರು ಹೆಸರಿಗೆ ಮಾತ್ರ. ಒಡೆಯರ್ ಅನ್ನುವ ಹೆಸರು ಒಬ್ಬರದ್ದು, ಒಡೆತನ ಇನ್ನೊಬ್ಬರದ್ದು. ಆ ಗಲಾಟೆಯ ನಡುವೆಯೇ ಹೈದರಲಿ ಎದ್ದು ಬಂದ. 1761ಕ್ಕೆ ಆಡಳಿತ ಅವನ ಕೈಗೆ ಹೋಯಿತು. ಅವನು ‘ಒಡೆಯರ್’ ಹಾಕಿಕೊಳ್ಳಲಿಲ್ಲ, ‘ನವಾಬ್ ಬಹದ್ದೂರ್’ ಆದ. ಸಿಂಹಾಸನದ ಮೇಲೆ ಒಡೆಯರನ್ನು ಕೂರಿಸುವುದನ್ನೂ ಬಿಡಲಿಲ್ಲ. ಜಾಣ!

ನಾಟಕದ ಹುಚ್ಚು

ಇದೆಲ್ಲ ಗೊತ್ತೇ ಇರಲಿಲ್ಲ. ಹಾಗಾದರೆ ಅರಮನೆ ದೃಶ್ಯಕ್ಕೆ ಏನು ಮಾಡಲಿ? ಊಳಿಗದವನು ಬಂದು ‘ದಿವಾನರು ಬಂದಿದ್ದಾರೆ’ ಅನ್ನಬೇಕು, ಮಹಾರಾಜರು ‘ಬರಹೇಳು’ ಅನ್ನಬೇಕು. ಇರುವುದು ಅಷ್ಟೇ.

ಅಗ್ರಹಾರದ ಅಜ್ಜಿ

ಅಷ್ಟೇ ಅಂತ ಬಿಟ್ಟರೆ ಆಗಲ್ಲಪ್ಪ. ಅಲ್ಲೇ ಇರುವುದು ಮಜಾ.

ನಮ್ಮ ತಂದೆಯ ಕಡೆಯವರು ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಮಾತು ಬಂದಾಗಲೂ ‘ಮಹಾಸ್ವಾಮಿಯವರು’. ರಾಜ ಅಂತ ಬರೀ ಮಾತಿಗೂ ಅನ್ನುತ್ತಿರಲಿಲ್ಲ. ಎದುರಿಗಾದರೆ ‘ಮಹಾಸ್ವಾಮಿ’. ಅಲ್ಲಿ ‘ನೀವು’ ಅನ್ನುವ ಮಾತೇ ಇಲ್ಲ. ‘ತಾವು’ ಕೂಡ ಕಡಿಮೆ. ಎದುರಿಗೆ ಇರುವವರ ಬಗ್ಗೆಯೇ, ಅವರು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ ಮಾತಾಡಬೇಕು. ‘ಮಹಾಸ್ವಾಮಿಯವರು ಅಪ್ಪಣೆ ಕೊಡಿಸಬೇಕು.’ ಕೊಡಬೇಕು ಅಲ್ಲ, ಕೊಡಿಸಬೇಕು. ದೊಡ್ಡವರು ಯಾವ ಕೆಲಸವನ್ನೂ ತಾವೇ ಮಾಡುವುದಿಲ್ಲ, ಮಾಡಿಸುತ್ತಾರೆ ಅನ್ನುವ ಲೆಕ್ಕ. ದಯಮಾಡಿಸಬೇಕು, ದಯಪಾಲಿಸಬೇಕು, ಚಿತ್ತೈಸಬೇಕು, ಎಲ್ಲ ಅದೇ ದಾಟಿ. ಮಠಗಳಲ್ಲಿ ಈಗಲೂ ಸ್ವಾಮಿಗಳು ‘ಅಪ್ಪಣೆ ಕೊಡಿಸಿದರು’ ಅನ್ನುತ್ತಾರೆ, ಕೇಳಿರುತ್ತೀರಿ.

ರಾಜರು ಹೊರಟರು ಅನ್ನಬಾರದು, ‘ಸವಾರಿ ಹೊರಟಿತು’ ಅನ್ನಬೇಕು. ‘ಆಯ್ತು’ ಅನ್ನಬಾರದು, ‘ಅಪ್ಪಣೆ’ ಅಥವಾ ‘ಚಿತ್ತ’ ಅನ್ನಬೇಕು.

ನಿಮ್ಮ ಊಳಿಗದವನು ಹೀಗೆ ಹೇಳಲಿ: ‘ದಿವಾನರು ದರ್ಶನಕ್ಕೆ ಕಾದಿದ್ದಾರೆ, ಮಹಾಸ್ವಾಮಿ. ಅಪ್ಪಣೆ ಆಗಬೇಕು.’ ಹೇಳಿ ಸುಮ್ನೆ ತಿರುಗಿ ನಡೆದುಬಿಡಬಾರದು. ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಇಡಬೇಕು. ಕಾಲಲ್ಲಿ ಚಪ್ಪಲಿ ಇರಕೂಡದು.

ಹಾಗೇ ಹೆಂಗಸರ ಪಾತ್ರ ಇದ್ದರೆ ದಯವಿಟ್ಟು ‘ಮಹಾರಾಣೀ’ ಅಂತ ಕೂಗಿಸಬೇಡಿ. ಅರಸು ಮನೆತನದ ಹೆಣ್ಣುಮಕ್ಕಳ ಹೆಸರು ‘ಅಮ್ಮಣ್ಣಿ’ ಅಂತ ಮುಗಿಯುತ್ತದೆ. ಲಕ್ಷ್ಮಮ್ಮಣ್ಣಿ, ದೇವಾಜಮ್ಮಣ್ಣಿ, ಕೆಂಪನಂಜಮ್ಮಣ್ಣಿ. ನಾಲ್ವಡಿಯವರ ಅಕ್ಕತಂಗಿಯರು ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ, ಈಗ ಸಿಎಫ್‌ಟಿಆರ್‌ಐ ಇರುವ ಚೆಲುವಾಂಬ ಬಂಗಲೆ, ಎಲ್ಲ ಆ ಹೆಣ್ಣುಮಕ್ಕಳ ಹೆಸರು. ನಮ್ಮ ಪಿಕೆಟಿಬಿ ಆಸ್ಪತ್ರೆಯ ‘ಪಿಕೆ’ ಏನು ಅಂದುಕೊಂಡಿದ್ದೀರಿ? ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಕ್ಷಯಕ್ಕೆ ಬಲಿಯಾದ ರಾಜಕುಮಾರಿಯ ಹೆಸರಲ್ಲೇ ಕ್ಷಯದ ಆಸ್ಪತ್ರೆ ಆಯಿತು.

ನಾಟಕದ ಹುಚ್ಚು

ಅಜ್ಜಿ, ನಿಮಗೆ ಮೊದಲ ಸಾಲಿನಲ್ಲೇ ಕುರ್ಚಿ. ‘ಕೊಡಿಸಬೇಕು’ ಅನ್ನುವುದನ್ನು ಆಗಲೇ ಬರೆದುಕೊಂಡೆ. ನಾಲ್ವಡಿಯವರ ತಾಯಿ ಒಂದು ಸಣ್ಣ ದೃಶ್ಯದಲ್ಲಿ ಬರುತ್ತಾರೆ. ಅವರನ್ನು ಏನನ್ನಬೇಕು?

ಅಗ್ರಹಾರದ ಅಜ್ಜಿ

1930ರ ಕಥೆ ಅಂದರೆ ಅವರು ಇರಬಹುದು, ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ. ಅವರು ಕೆಂಪನಂಜಮ್ಮಣ್ಣಿಯವರು. ಗಂಡ ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಇನ್ನೂ ಹುಡುಗ. 1902ರವರೆಗೆ ರೀಜೆಂಟ್ ಆಗಿ ರಾಜ್ಯ ನಡೆಸಿದ್ದು ಇವರೇ. ‘ವಾಣಿವಿಲಾಸ ಸನ್ನಿಧಾನ’ ಅಂತ ಬಿರುದು. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಇವರದೇ ಹೆಸರು. ‘ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ’ ಎಂದು ಹಾಕಿಬಿಡಿ, ಸಾಕು.

ಪದಬಂಧ

ಅಜ್ಜಿ ‘ಸನ್ನಿಧಾನ’ ಎಂದ ಮೇಲೆ ನನಗೆ ಕೈ ತಡೆಯಲಿಲ್ಲ.

ಸನ್ನಿಧಾನ ಅಂದರೆ ಹತ್ತಿರ ಇರುವುದು, ಎದುರಿಗೆ ಇರುವುದು. ಈಗ ಪಾರಸಿಯ ಕಡೆಯಿಂದ ಬಂದ ‘ಹುಜೂರ್’ ನೋಡಿ. ಅದರ ಅರ್ಥವೂ ಎದುರಿಗೆ ಇರುವುದು ಎಂದೇ. ಎರಡು ಕಡೆಯೂ ಮನುಷ್ಯನನ್ನು ಕರೆಯುವುದಿಲ್ಲ, ಅವನು ಇರುವ ಜಾಗವನ್ನು ಕರೆಯುತ್ತಾರೆ. ‘ಶ್ರೀಪಾದಂಗಳವರು’ ಅನ್ನುವಾಗ ಬರೀ ಪಾದ. ಕಣ್ಣೆತ್ತಿ ಮುಖ ನೋಡಿ ಹೆಸರು ಹೇಳುವ ಧೈರ್ಯ ಇಲ್ಲದ ಕಡೆ ಭಾಷೆ ಹೀಗೆ ಸುತ್ತು ಹಾಕುತ್ತದೆ.

ನನ್ನ ಲೆಕ್ಕದಲ್ಲಿ ‘ಬುದ್ಧಿ’ಯೂ ಅದೇ ಸಾಲಿನದು. ‘ತಮ್ಮ ಚಿತ್ತ’ ಅನ್ನುವುದು ಚಿಕ್ಕದಾಗಿ ‘ಚಿತ್ತ’ ಆಯಿತು, ಹೌದು ಅನ್ನುವುದಕ್ಕೆ ಬಳಸುವ ಮಾತಾಯಿತು. ಹಾಗೇ ‘ತಮ್ಮ ಬುದ್ಧಿಗೆ ಬಂದ ಹಾಗೆ’ ಅನ್ನುವುದು ಸವೆದು ‘ಬುದ್ಧಿ’ ಆಗಿರಬೇಕು. ಕೆಲವರು ‘ಬುದ್ಧಿ ಹೇಳುವವರು, ಅದಕ್ಕೆ ಬುದ್ಧಿ’ ಅನ್ನುತ್ತಾರೆ. ಅದು ಗುರುಗಳಿಗೆ ಒಪ್ಪುತ್ತದೆ. ಗದ್ದೆ ಯಜಮಾನನಿಗೆ ಅಷ್ಟು ಒಪ್ಪುವುದಿಲ್ಲ. ಅವನು ಬುದ್ಧಿ ಹೇಳುತ್ತಿದ್ದ ರೀತಿ ಎಲ್ಲರಿಗೂ ಗೊತ್ತು!

ಇನ್ನೂ ಹಳೇದು ಬೇಕು ಅಂದರೆ ‘ಜೀಯ’. ಕುಮಾರವ್ಯಾಸನ ಆಸ್ಥಾನಗಳಲ್ಲಿ ‘ಅವಧಾರು ಜೀಯ’ ಎಲ್ಲೆಲ್ಲೂ ಕೇಳುತ್ತದೆ. ಹೊಯ್ಸಳರ ಶಾಸನಗಳಲ್ಲಿ ಶಿವನ ಗುಡಿಯ ಪೂಜಾರಿಗಳ ಹೆಸರಿಗೂ ಜೀಯ ಅಂಟಿಕೊಂಡಿದೆ. ದೇವರ ಮನೆಗೂ ಅರಸನ ಮನೆಗೂ ಒಂದೇ ಮಾತು. ಬಸವಣ್ಣನವರ ವಚನದಲ್ಲೂ ಇದು ಬರುತ್ತದೆ. ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ ಅಂತ ಹೇಳಿ, ಜಯಾ ಜೀಯಾ ಅನ್ನುವ ನುಡಿಯೊಳಗೇ ಕೈಲಾಸ ಇಟ್ಟರು. ಆದರೆ ಅವರು ಅದನ್ನು ಅರಸನಿಗೆ ಹೇಳಿಸಲಿಲ್ಲ. ಒಬ್ಬ ಶರಣ ಇನ್ನೊಬ್ಬ ಶರಣನಿಗೆ ಹೇಳಬೇಕಾದ ಮಾತಾಗಿ ಮಾಡಿದರು. ಜಾತಿ ಕೇಳದೆ.

ಮಳವಳ್ಳಿ ಹೈದ

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ‘ಬುದ್ಧಿ’ ಬಗ್ಗೆ ಏನೋ ಸಿಹಿತಿಂಡಿ ವಿಚಾರ ಮಾತಾಡಿದ ಹಾಗೆ ಆಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ನಗುತ್ತಾ ಹೇಳುವುದಿಲ್ಲ.

ನಮ್ಮಜ್ಜ ಜೀತಕ್ಕಿದ್ದರು. ಯಜಮಾನರ ಬೀದಿಗೆ ಹೋಗುವಾಗ ಚಪ್ಪಲಿ ಕೈಗೆ ಬರುತ್ತಿತ್ತು, ತಲೆಯ ಟವೆಲ್ಲು ಸೊಂಟಕ್ಕೆ ಇಳಿಯುತ್ತಿತ್ತು. ಜಗಲಿಯಿಂದ ದೂರ ನಿಂತು ‘ಬುದ್ದೀ’ ಅನ್ನಬೇಕು. ಒಳಗಿಂದ ಮಾತು ಬರುವ ತನಕ ಬಿಸಿಲಲ್ಲೇ ನಿಂತಿರಬೇಕು. ಆ ಮನೆಯ ಎಂಟು ವರ್ಷದ ಹುಡುಗನೂ ‘ಚಿಕ್ಕಬುದ್ದಿ’. ಆ ಹುಡುಗ ನಮ್ಮಜ್ಜನನ್ನು ಕರೆಯುತ್ತಿದ್ದುದು ‘ಲೋ’ ಅಂತ. ಮೊಮ್ಮಕ್ಕಳನ್ನು ಕಂಡ ಮುದುಕನಿಗೆ ‘ಲೋ’.

ಪದಬಂಧದವರು ಬಸವಣ್ಣನ ಮಾತು ತಂದಿರಿ, ಸಂತೋಷ. ಅಯ್ಯಾ ಅನ್ನುವುದು ಒಂದು ಕಡೆಯಿಂದ, ಎಲವೋ ಅನ್ನುವುದು ಇನ್ನೊಂದು ಕಡೆಯಿಂದ, ಎಷ್ಟು ನೂರು ವರ್ಷ ಹೀಗೇ ನಡೆಯಿತು ಅಂತ ಕೇಳಬೇಕಾದವರು ನಾವು.

ನಾಟಕದವರಿಗೆ ಒಂದು ಮಾತು. ಆಳಿನ ಪಾತ್ರ ತೊಟ್ಟಿಯ ಒಳಗೆ ಬಂದು ‘ಅಡ್ಬಿದ್ದೆ ಬುದ್ದೀ’ ಅನ್ನುವ ಹಾಗೆ ಮಾಡಬೇಡಿ. ಅವನು ನಮ್ಮವನಾದರೆ 1930ರಲ್ಲಿ ತೊಟ್ಟಿಯ ಒಳಗೆ ಕಾಲಿಡುವ ಪ್ರಶ್ನೆಯೇ ಇಲ್ಲ. ವೇದಿಕೆಯ ಒಂದು ಮೂಲೆಯಲ್ಲಿ, ಹೊರಗೆ ನಿಲ್ಲಿಸಿ. ಅಲ್ಲಿಂದ ಕೂಗಿಸಿ.

ಮದ್ದೂರು ಪ್ಯಾಸೆಂಜರ್

ಅಣ್ಣಾ, ಈ ಮಾತು ಬೇಕಿತ್ತು. ನಾನು ‘ಒಳಗೆ ಬಂದ ತಕ್ಷಣ’ ಎಂದು ಬರೆದಿದ್ದು ಜಮೀನಿನ ಒಕ್ಕಲಿನವನನ್ನು ಮನಸ್ಸಲ್ಲಿಟ್ಟುಕೊಂಡು. ಅವನಿಗೆ ತೊಟ್ಟಿಯವರೆಗೆ ದಾರಿ ಇತ್ತು, ಜೀತದಾಳಿಗೆ ಇರಲಿಲ್ಲ. ಇಬ್ಬರೂ ಹೇಳುತ್ತಿದ್ದುದು ಒಂದೇ ಮಾತು.

ನಂಜನಗೂಡು ರಸಬಾಳೆ

ಮಳವಳ್ಳಿಯವರೇ, ನಿಮ್ಮ ಮಾತಿಗೆ ಎದುರಾಡುತ್ತಿಲ್ಲ. ಆದರೆ ಇನ್ನೊಂದು ಕಡೆಯನ್ನೂ ಕೇಳಿ. ನಮ್ಮ ಕಡೆ ‘ಬುದ್ಧಿ’ ಅಂದರೆ ಮೊದಲು ನೆನಪಾಗುವುದು ಮಠ. ಸುತ್ತೂರಿನಲ್ಲಿ ಸ್ವಾಮಿಗಳಿಗೆ ‘ಬುದ್ಧಿ’ ಅನ್ನುತ್ತೇವೆ. ತುಮಕೂರಿನ ಸಿದ್ಧಗಂಗೆಯಲ್ಲಿ ಓದಿದ ಹುಡುಗರನ್ನು ಕೇಳಿ. 2019ರಲ್ಲಿ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ‘ಬುದ್ಧಿಯವರು ಹೋದರು’ ಎಂದು ಗಂಡಸರೂ ಅತ್ತರು. ಅಲ್ಲಿ ಅನ್ನ ಇದೆ, ಪಾಠ ಇದೆ. ಹೆದರಿಕೆಯಿಂದ ಬಂದ ಮಾತು ಅದಲ್ಲ. ಹಿರಿಯರಿಗೆ ದೊಡ್ಡಬುದ್ಧಿ, ಕಿರಿಯರಿಗೆ ಚಿಕ್ಕಬುದ್ಧಿ, ನೀವು ಹೇಳಿದ್ದೇ ಪದಗಳು. ಅರ್ಥ ಬೇರೆ.

ಮಳವಳ್ಳಿ ಹೈದ

ಗೊತ್ತು ಸರ್. ನಮ್ಮಲ್ಲೂ ಇದೆ. ಮಂಟೇಸ್ವಾಮಿ ಒಕ್ಕಲು ನಾವು. ನಮ್ಮ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠದ ಸ್ವಾಮಿಗಳ ಹೆಸರು ‘ರಾಜೇ ಅರಸು’ ಎಂದು ಮುಗಿಯುತ್ತದೆ. ಅವರಿಗೆ ನಾವು ಬುದ್ಧಿ ಅನ್ನುತ್ತೇವೆ, ಅದಕ್ಕೆ ನನ್ನ ಬೇಜಾರಿಲ್ಲ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವಾಗ ಮಂಟೇದಸ್ವಾಮಿಗೆ ಎಷ್ಟು ಹೆಸರು ಕೂಗುತ್ತಾರೆ! ಧರೆಗೆ ದೊಡ್ಡವರು ಅನ್ನುತ್ತಾರೆ. ದೇವಸ್ಥಾನದ ಹೊರಗಿನವನನ್ನು ಧರೆಗೇ ದೊಡ್ಡವನು ಅನ್ನುವ ಹಾಡು ಅದು. ಮಾದಪ್ಪನಿಗೆ ‘ನನ್ನೊಡೆಯಾ’ ಅಂತ ಕಂಸಾಳೆಯವರು ಕೂಗುವಾಗ ನಾನೂ ಕೂಗುತ್ತೇನೆ.

ಕರೆಯದಿದ್ದರೆ ಏನಾಗುತ್ತದೆ ಅಂತ ನೋಡಿ. ಸ್ವಾಮಿಗಳನ್ನು ಬುದ್ಧಿ ಅನ್ನದಿದ್ದರೆ ಯಾರೂ ಹೊಡೆಯುವುದಿಲ್ಲ. ಯಜಮಾನನನ್ನು ಅನ್ನದಿದ್ದರೆ ಅವತ್ತಿನ ರಾಗಿ ಇಲ್ಲ. ನನ್ನ ಲೆಕ್ಕ ಅಷ್ಟೇ.

ಪದಬಂಧ

ಇದರ ಮುಂದೆ ನನ್ನ ‘ಚಿತ್ತ’ದ ಸಿದ್ಧಾಂತ ಸಣ್ಣದಾಗಿ ಕಾಣುತ್ತದೆ. ಆದರೂ ಒಂದು ಗಮನಿಸಿ. ಬಿರುದು ಬೇರೆ, ಕರೆಯುವ ಮಾತು ಬೇರೆ. ಬಿರುದನ್ನು ಮೇಲಿನವರು ಕೊಡುತ್ತಾರೆ. ಮೈಸೂರು ಮಹಾರಾಜರು ರಾಜಸೇವಾಸಕ್ತ, ಧರ್ಮಪ್ರಕಾಶ ಎಂದೆಲ್ಲ ಕೊಟ್ಟರು. ನಮ್ಮ ಬನುಮಯ್ಯ ಕಾಲೇಜಿನ ಬನುಮಯ್ಯನವರು ಧರ್ಮಪ್ರಕಾಶ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಅಮೀನ್-ಉಲ್-ಮುಲ್ಕ್. ಮಹಾರಾಜರಿಗೂ ಬಿರುದುಗಳ ಸಾಲೇ ಇತ್ತು. ‘ಬಿರುದೆಂತೆಂಬರ ಗಂಡ’ ಅದರಲ್ಲಿ ಒಂದು. ಬಿರುದು ಇದೆ ಅನ್ನುವವರಿಗೆಲ್ಲ ಗಂಡ! ಎಂಥ ಜಂಭ ನೋಡಿ. ಇವೆಲ್ಲ ದರ್ಬಾರಿನಲ್ಲಿ ಪರಾಕು ಹಾಕುವುದಕ್ಕೆ, ಕಾಗದದ ತಲೆಯಲ್ಲಿ ಅಚ್ಚು ಹಾಕುವುದಕ್ಕೆ. ಯಾರೂ ಮನೆಯಲ್ಲಿ ‘ಧರ್ಮಪ್ರಕಾಶರೇ ಊಟಕ್ಕೆ ಬನ್ನಿ’ ಅನ್ನಲಿಲ್ಲ.

ಕರೆಯುವ ಮಾತು ಕೆಳಗೆ ನಿಂತವರ ಬಾಯಲ್ಲಿ ಹುಟ್ಟುತ್ತದೆ. ಅದನ್ನು ಅವರು ಮೇಲೆ ನಿಂತವರನ್ನು ಕೇಳಿಕೊಂಡು ಆರಿಸಲಿಲ್ಲ.

ಮಳವಳ್ಳಿ ಹೈದ

ಆರಿಸಲಿಲ್ಲ ಅನ್ನುವುದು ನಿಜ. ಬೇರೆ ಏನೂ ಇರಲಿಲ್ಲ ಆರಿಸಲಿಕ್ಕೆ.

ಹಳೇ ಕಡತ

‘ಬುದ್ಧಿ’ ಹೋಗಿದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ಕಾನೂನಿನ ಪುಸ್ತಕದಲ್ಲಿ ಅದರ ದಾರಿ ಸ್ವಲ್ಪ ಕಾಣುತ್ತದೆ.

ನಾಟಕದ ಜೋಡಿದಾರ ಅಂದರೆ ಇನಾಂ ಹಳ್ಳಿಯ ಯಜಮಾನ. ಹಳ್ಳಿಯ ಕಂದಾಯದಲ್ಲಿ ಒಂದು ಭಾಗ ಸರ್ಕಾರಕ್ಕೆ ಕಟ್ಟಿ, ಮಿಕ್ಕಿದ್ದನ್ನು ತಾನು ಅನುಭವಿಸುತ್ತಿದ್ದವನು. 1954ರಲ್ಲಿ ಮೈಸೂರು ಸರ್ಕಾರ ಇನಾಂ ರದ್ದತಿ ಕಾಯ್ದೆ ತಂದಿತು. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಪಟೇಲ, ಶಾನುಭೋಗ ಪದವಿಗಳು ಹೋದವು. ಆಮೇಲೆ ದೊಡ್ಡ ಪೆಟ್ಟು 1974ರ ಭೂಸುಧಾರಣೆ ತಿದ್ದುಪಡಿ. ಗೇಣಿ ಜಮೀನೆಲ್ಲ ಆ ವರ್ಷ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು. ಗೇಣಿದಾರ ಏಳನೇ ನಮೂನೆ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ, ಉಳುವ ನೆಲ ಅವನದಾಗಬಹುದಿತ್ತು. ಘೋಷಣೆ ನೆನಪಿದೆಯಲ್ಲ, ‘ಉಳುವವನೇ ಹೊಲದೊಡೆಯ’.

ಒಡೆಯ ಅನ್ನುವ ಪದ ಅಲ್ಲಿಗೆ ಬಂತು. ಉಮ್ಮತ್ತೂರಿನ ಪಾಳೆಯಗಾರನಿಂದ ಶುರುವಾಗಿ ಗೇಣಿದಾರನ ಅರ್ಜಿಯವರೆಗೆ. ಆ ಕಾನೂನು ತಂದ ಮುಖ್ಯಮಂತ್ರಿಯ ಹೆಸರಲ್ಲೇ ‘ಅರಸು’ ಇತ್ತು. ಹುಣಸೂರಿನ ದೇವರಾಜ ಅರಸು.

ಅದಕ್ಕೂ ಮೂರು ವರ್ಷ ಮೊದಲು, 1971ರಲ್ಲಿ, ಸಂವಿಧಾನದ 26ನೇ ತಿದ್ದುಪಡಿ ಬಂದು ರಾಜಧನ ನಿಂತಿತ್ತು. ಮಾಜಿ ರಾಜರಿಗೆ ಸರ್ಕಾರ ಕೊಟ್ಟಿದ್ದ ಮಾನ್ಯತೆಯೂ ಹೋಯಿತು. ಮೇಲಿನ ಒಡೆಯರೂ ಕೆಳಗಿನ ಬುದ್ಧಿಯವರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಾಗದದಿಂದ ಅಳಿದರು.

ಮಳವಳ್ಳಿ ಹೈದ

ಕಡತದವರೇ, ಒಂದು ತಿದ್ದುಪಡಿ ನನ್ನದೂ ಇರಲಿ. ಏಳನೇ ನಮೂನೆ ತುಂಬಿದ್ದು ಗೇಣಿದಾರ. ಜೀತದಾಳಿಗೆ ಗೇಣಿ ಚೀಟಿಯೇ ಇರಲಿಲ್ಲ, ಅವನು ಏನು ತುಂಬುತ್ತಾನೆ? ನಮ್ಮಜ್ಜನಿಗೆ ಹೊಲ ಬರಲಿಲ್ಲ. ‘ಬುದ್ದೀ’ ಅನ್ನುವುದನ್ನು ನಿಲ್ಲಿಸಿದ್ದು ನಮ್ಮಪ್ಪ, ಅದೂ ಸಕ್ಕರೆ ಕಾರ್ಖಾನೆಯಲ್ಲಿ ಕೂಲಿ ಸಿಕ್ಕಿದ ಮೇಲೆ. ಊರಿನ ರಾಗಿ ಬೇಕಾಗಿಲ್ಲ ಅಂದಾಗ ಬಾಯಿ ತಾನಾಗಿ ‘ಗೌಡ್ರೇ’ ಅಂದಿತು.

ಹಳೇ ಕಡತ

ಒಪ್ಪಿದೆ. ಆ ಕಾನೂನಿನ ದೊಡ್ಡ ತೂತು ಅದೇ.

ಮದ್ದೂರು ಪ್ಯಾಸೆಂಜರ್

ಇಷ್ಟು ಹೊತ್ತು ಗಂಭೀರ ಆಯಿತು, ಈಗ ನನ್ನದೊಂದು. ಇಂಗ್ಲಿಷಿನವರನ್ನು ನಮ್ಮ ಹಳ್ಳಿ ಜನ ಏನನ್ನುತ್ತಿದ್ದರು ಗೊತ್ತಾ? ‘ದೊರೆ’. 1831ರಿಂದ 1881ರವರೆಗೆ ಮೈಸೂರನ್ನು ಆಳಿದ್ದು ಕಮಿಷನರ್‌ಗಳಲ್ವಾ, ಹ್ಯಾಟು ಹಾಕಿಕೊಂಡವರೆಲ್ಲ ದೊರೆಗಳಾದರು. ಅವರ ಹೆಂಡತಿ ‘ದೊರೆಸಾನಿ’. ಕಂಪನಿಯ ಸಣ್ಣ ಗುಮಾಸ್ತನಾದರೂ ಬಿಳಿ ತೊಗಲಿದ್ದರೆ ದೊರೆ. ಈಗ ನಾವು ಆಟೋದವರಿಗೂ ‘ಬಾಸ್’ ಅನ್ನುತ್ತೇವೆ. ಪೊಲೀಸಿನವರು ಗಾಡಿ ಹಿಡಿದರೆ ಮಾತ್ರ ಹಳೇ ಕಾಲ ವಾಪಸ್: ‘ಸ್ವಾಮೀ, ಬುದ್ದೀ, ಬಿಟ್ಬಿಡಿ.’

ಅಗ್ರಹಾರದ ಅಜ್ಜಿ

ಅರಸು ಅನ್ನುವುದರ ಬಗ್ಗೆ ಹೇಳುವುದು ಉಳಿದಿದೆ. ಅರಸ ಅನ್ನುವುದು ‘ರಾಜ’ದ ತದ್ಭವ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆ ಲೆಕ್ಕದಲ್ಲಿ ‘ದೇವರಾಜ ಅರಸು’ ಅನ್ನುವ ಹೆಸರಿನಲ್ಲಿ ರಾಜ ಎರಡು ಸಲ! ‘ಕಾಂತರಾಜ ಅರಸು’ ಅಂದರೂ ಹಾಗೇ. ಅವರು 1919ರಿಂದ 1922ರವರೆಗೆ ದಿವಾನರಾಗಿದ್ದರು, ಮಹಾರಾಜರ ಸಂಬಂಧಿಕರು. ನಾವು ದಿನಾ ಓಡಾಡುವ ಕಾಂತರಾಜ ಅರಸ್ ರಸ್ತೆ ಅವರದೇ. ಅರಸು ಅನ್ನುವುದು ರಾಜಮನೆತನದ ನಂಟಸ್ತಿಕೆಯ ಕುಲಗಳಿಗೆ ಉಳಿಯಿತು, ಒಡೆಯರ್ ಅನ್ನುವುದು ಪಟ್ಟದ ಮನೆಗೆ. ಈಗ ಆಫೀಸುಗಳಲ್ಲಿ ‘ಅರಸ್ ಸರ್, ಕಾಫಿ ಆಯ್ತಾ’ ಅನ್ನುತ್ತಾರೆ. ಕೇಳುವವರಿಗೂ ಹೇಳುವವರಿಗೂ ಅದು ಬರೀ ಹೆಸರು.

ನಾಟಕದವರೇ, ಇನ್ನೊಂದು. ಜೋಡಿದಾರ ಬ್ರಾಹ್ಮಣನೋ ಗೌಡನೋ ಮೊದಲು ನಿಶ್ಚಯ ಮಾಡಿ. ಬ್ರಾಹ್ಮಣ ಅಂದರೆ ಒಕ್ಕಲಿನವರು ‘ಸ್ವಾಮಿ’, ‘ಐನೋರೇ’ ಅನ್ನುತ್ತಿದ್ದರು.

ನಾಟಕದ ಹುಚ್ಚು

ಗೌಡರೇ. ಊರಿನ ಪಟೇಲಿಕೆಯೂ ಅವರದೇ ಅಂತ ಮಾಡಿದ್ದೇವೆ. ನೀವೆಲ್ಲ ಹೇಳಿದ ಮೇಲೆ ನಿನ್ನೆ ರಾತ್ರಿ ಎರಡನೇ ದೃಶ್ಯ ಪೂರಾ ತಿದ್ದಿದೆವು. ಒಬ್ಬನೇ ಮನುಷ್ಯನನ್ನು ಬಂದವರೆಲ್ಲ ಬೇರೆ ಬೇರೆ ತರ ಕರೆಯುತ್ತಾರೆ. ನೋಡಿ ಹೇಳಿ:

ಅಮಲ್ದಾರರು (ತಾಲ್ಲೂಕಿನ ಅಧಿಕಾರಿ) ಕುದುರೆ ಇಳಿದು: ‘ಏನಯ್ಯ ಪಟೇಲ, ಲೆಕ್ಕ ತಯಾರಿದೆಯಾ?’
ಪಟೇಲ, ಎದ್ದು ನಿಂತು: ‘ಅಪ್ಪಣೆ ಸ್ವಾಮಿ. ದಯಮಾಡಿಸಬೇಕು.’
ಪಕ್ಕದೂರಿನ ಗೌಡ: ‘ಏನ್ ಮಾವ, ನೀರು ಮೊದ್ಲು ನಮ್ಗೋ ನಿಮ್ಗೋ?’
ಒಕ್ಕಲಿನವನು, ತೊಟ್ಟಿಯ ಅಂಚಲ್ಲಿ: ‘ಗೌಡ್ರೇ, ನಮ್ಮ ಗದ್ದೆ ಒಣಗ್ತಾ ಅದೆ.’
ಜೀತದಾಳು, ಹೊರಗಿಂದ: ‘ಬುದ್ದೀ...’

ಜೀತದಾಳಿಗೆ ಯಾರೂ ಉತ್ತರ ಕೊಡುವುದಿಲ್ಲ. ಅವನು ದೃಶ್ಯದಲ್ಲಿ ಮೂರು ಸಲ ಕರೆಯುತ್ತಾನೆ. ಮಳವಳ್ಳಿಯವರೇ, ಸರಿ ಇದೆಯಾ?

ಮಳವಳ್ಳಿ ಹೈದ

ಒಕ್ಕಲಿನವನು ಪಟೇಲನಿಗೆ ಅಷ್ಟು ಸಲೀಸಾಗಿ ‘ಗೌಡ್ರೇ’ ಅನ್ನುವುದು ಅವನೂ ಗೌಡನಾದರೆ ಮಾತ್ರ. ಬೇರೆ ಜಾತಿಯ ಒಕ್ಕಲಾದರೆ ಅವನಿಗೂ ‘ಬುದ್ದಿ’ಯೇ. ಅದನ್ನು ನೋಡಿಕೊಳ್ಳಿ. ಮಿಕ್ಕಿದ್ದು ಸರಿ ಇದೆ. ಮೂರನೇ ಸಲ ಕರೆದಾಗ ಒಳಗಿಂದ ‘ಯಾರ್ಲಾ ಅದು’ ಅಂತ ಒಂದು ದನಿ ಬರಲಿ. ಸುಮ್ಮನಿದ್ದರೆ ಯಜಮಾನ ಕಿವುಡ ಅಂದುಕೊಳ್ಳುತ್ತಾರೆ. ಜೀತದಾಳಿನ ಪಾತ್ರ ಯಾರು ಮಾಡುತ್ತಿದ್ದಾರೆ?

ನಾಟಕದ ಹುಚ್ಚು

ಇನ್ನೂ ಯಾರೂ ಸಿಕ್ಕಿಲ್ಲ. ಮಾತು ಕಡಿಮೆ ಅಂತ ಎಲ್ಲರೂ ಬೇಡ ಅನ್ನುತ್ತಿದ್ದಾರೆ. ಅಮಲ್ದಾರನಿಗೆ ನಾಲ್ಕು ಜನ ಪೈಪೋಟಿ!

ಮದ್ದೂರು ಪ್ಯಾಸೆಂಜರ್

ಅಮಲ್ದಾರನಿಗೆ ಕೋಟು ಪೇಟ ಇದೆಯಲ್ಲ, ಅದಕ್ಕೆ.

ನಾಟಕದ ಹುಚ್ಚು

ಕೊನೇ ಪ್ರಶ್ನೆ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಬೇಕು. ಇಂಗ್ಲಿಷಿನಲ್ಲೂ ಒಂದು ಸಾಲು ಇದೆ. ಒಡೆಯರ್ ಅನ್ನುವುದನ್ನು ಅಲ್ಲಿ ಹೇಗೆ ಬರೆಯಬೇಕು? ಒಬ್ಬರು ‘ವೊಡೆಯಾರ್’ ಬರುವ ಹಾಗೆ ಬರೀರಿ ಅಂತಾರೆ, ಇನ್ನೊಬ್ಬರು ‘ವಾಡಿಯಾರ್’ ಬರುವ ಹಾಗೆ.

ಹಳೇ ಕಡತ

ನಾವು ಕನ್ನಡದಲ್ಲಿ ‘ಒ’ ಅನ್ನುವಾಗ ತುಟಿ ಸೇರಿ ಸ್ವಲ್ಪ ‘ವೊ’ ಕೇಳಿಸುತ್ತದೆ. ಇಂಗ್ಲಿಷಿನವರು ಕೇಳಿದ್ದನ್ನು ಬರೆದರು, ಅದಕ್ಕೆ ಮುಂದೆ ಆ ಅಕ್ಷರ ಬಂತು. ನಾಲ್ವಡಿಯವರ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ‘ವಾಡಿಯಾರ್’ ಬರುವ ಬರಹವೂ ಇದೆ, ಈಗಿನ ಅರಮನೆಯವರೂ ಅದನ್ನೇ ಬಳಸುತ್ತಾರೆ. ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ಯಾವುದಾದರೂ ಒಂದನ್ನು ಆರಿಸಿ, ಪತ್ರಿಕೆಯುದ್ದಕ್ಕೂ ಅದನ್ನೇ ಇಡಿ. ಕನ್ನಡದಲ್ಲಿ ಮಾತ್ರ ‘ಒಡೆಯರ್’ ಸಾಕು. ‘ಒಡೆಯರ್ ಅವರು’ ಅಂತ ಅಚ್ಚು ಹಾಕಿಸಬೇಡಿ, ‘ಅರ್’ನಲ್ಲೇ ಗೌರವ ಬಂದಿದೆ.

ಅಗ್ರಹಾರದ ಅಜ್ಜಿ

ಹಾಕಿಸಿದರೂ ಏನೂ ಆಗಲ್ಲ ಬಿಡಿ. ಪತ್ರಿಕೆ ನನಗೆ ಒಂದು ಕಳಿಸಿ. ನಾಟಕ ಎಷ್ಟು ಗಂಟೆಗೆ? ಎಂಟರ ಮೇಲೆ ನನಗೆ ಕೂರಲು ಆಗಲ್ಲ.